ಜಾಂಬೋಟಿ ದಾರಿಯ ಕೆಂಪು ದೀಪ

ಕ್ಯಾಂಪ್

‘ಆರಾಮಿಲ್ಲ’ ಎಂಬ ಮಾತನ್ನು ಮೈಸೂರಿನವರು ಒಂದು ಬಗೆಯಲ್ಲಿ, ಬೆಳಗಾವಿಯವರು ಇನ್ನೊಂದು ಬಗೆಯಲ್ಲಿ ತಿಳಿಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ನಾದಿನಿ ಗಿರಿಜೆಯನ್ನು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಶಾಲಾ ಮಾಸ್ತರನಾಗಿದ್ದ ಈರಣ್ಣನಿಗೆ ಕೊಟ್ಟಿತ್ತು. ಅವಳಿಗೆ ಎಂಟನೇ ತಿಂಗಳು. ಈರಣ್ಣ ಖಾನಾಪುರದಿಂದ ಟ್ರಂಕ್ ಕಾಲ್ ಮಾಡಿ, ಗಿರಿಜಾಗೆ ತುಸು ಆರಾಮಿಲ್ಲ, ಕರೆದುಕೊಂಡು ಹೋಗಲು ಬಂದರೆ ಒಳ್ಳೆಯದು ಎಂದು ನಮ್ಮ ಅತ್ತೆಗೆ ಹೇಳಿದ. ಅತ್ತೆ ಫೋನಿಟ್ಟು ಸಿಡುಕಿದರು. ತುಂಬು ಬಸುರಿಗೆ ಒಂದು ಗಳಿಗೆ ಕೂರಲು ಬಿಡದ ಹಾಗೆ ಕೆಲಸ ಹಚ್ಚಿದ್ದಾರೆ, ಆರಾಮ ಎಲ್ಲಿಂದ ಬಂದೀತು ಎಂದರು. ನಾವೂ ಹಾಗೆಯೇ ತಿಳಿದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮವರು ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದರು. ಬಾಣಂತನಕ್ಕೆ ತಂಗಿಯನ್ನು ಸ್ವಂತ ಕಾರಿನಲ್ಲಿ ಕರೆತರುತ್ತೇನೆ ಎಂಬ ಹುಮ್ಮಸ್ಸು ಅವರಿಗೆ. ಮೈಸೂರು ಬಿಟ್ಟು ಉತ್ತರದ ಕಡೆ ಕಾಲಿಡದ ನನಗೆ ಪರದೇಶಕ್ಕೆ ಹೊರಟ ಸಡಗರ. ಪಕ್ಕದ ಮನೆಯವರು, ಅಲ್ಲಿ ಅನ್ನ ಮಾಡುತ್ತಾರೋ ಇಲ್ಲವೋ ಎಂದು ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕೊಟ್ಟರು. ಅತ್ತೆ ಕೂಸಿಗೆ ಬೇಕಾದದ್ದನ್ನೆಲ್ಲ, ಹೆರಿಗೆ ಮೈಸೂರಿನಲ್ಲೇ ಎಂದಿದ್ದರೂ, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಟ್ರಂಕಿಗೆ ತುಂಬಿಸಿದರು.

ಬೆಳಗಾವಿಯ ಕ್ಯಾಂಪಿನಲ್ಲಿ, ಎಂದರೆ ಸೈನ್ಯದ ದಂಡುಪ್ರದೇಶದಲ್ಲಿ, ಈರಣ್ಣನ ಚಿಕ್ಕಪ್ಪ ಚನ್ನಪ್ಪ ಕಾಕಾನ ಮನೆ. ಯಾವುದೋ ಕಾಲದ ಬ್ರಿಟಿಷ್ ದೊರೆ ಕಟ್ಟಿಸಿದ ಬಂಗಲೆಯ ಹಿಂಭಾಗದಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರೇ ಬಾಡಿಗೆಗಿದ್ದರು. ಹಳೆಯ ಕುದುರೆ ಲಾಯವೊಂದಿತ್ತು. ಕಾಕಾ ಅದರಲ್ಲಿ ಹೊಲದಿಂದ ಬಂದ ಹೊಸ ಭತ್ತದ ಚೀಲಗಳನ್ನು ಒಟ್ಟಿದ್ದರು. ಉಳಿದ ಜಾಗದಲ್ಲಿ ನಮ್ಮ ಕಾರು ನಿಂತಿತು.

ಮರುದಿನ ಕಾರು ಮುಟ್ಟದೆ ಊರು ಸುತ್ತಿದೆವು. ಬೆಳಗಾಗುವ ಮುಂಚೆ ಸೈನಿಕರ ತುತ್ತೂರಿ, ಆಮೇಲೆ ಇಗರ್ಜಿಯ ಗಂಟೆ, ಆಮೇಲೆ ಸೈಕಲ್ಲಿನ ಮೇಲೆ ಬ್ರೆಡ್ಡು ಮಾರುವವನ ಕೂಗು. ಮೈಸೂರಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಆಯ್ತಾ ಎಂದು ಕೇಳುವುದು ವಾಡಿಕೆ. ಇಲ್ಲಿ ಯಾರೂ ಕೇಳಲಿಲ್ಲ, ಕೂರುವ ಮೊದಲೇ ಚಹಾದ ಕಪ್ಪು ಕೈಗೆ ಬರುತ್ತಿತ್ತು. ಬೇಡವೆಂದರೆ ಅರ್ಧ ಕಪ್ಪು ಬರುತ್ತಿತ್ತು. ಅಂಗಡಿಯಲ್ಲಿ ಸೀರೆ ನೋಡುತ್ತಿದ್ದಾಗ ಅಂಗಡಿಯವರು ಗಿರಾಕಿಯೊಡನೆ ಮರಾಠಿಯಲ್ಲಿ ಮಾತು ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. ನಡುವೆ ಯಾವಾಗ ಬದಲಾಯಿತೆಂದು ನನಗೆ ತಿಳಿಯಲೇ ಇಲ್ಲ.

ಸಂಜೆ ರೊಟ್ಟಿ ತಟ್ಟುತ್ತ ಕಾಕು ನನ್ನನ್ನೇ ನೋಡಿದರು. ನಾವು ಇಷ್ಟು ನಿಶ್ಚಿಂತೆಯಾಗಿ ತಿರುಗುತ್ತಿದ್ದುದು ಅವರಿಗೆ ಬೆಳಗಿನಿಂದ ವಿಚಿತ್ರವೆನಿಸಿತ್ತಂತೆ. ಮನೆಗೆ ಬಂದವರಿಗೆ ಅವಸರ ಮಾಡುವುದು ಹೇಗೆಂದು ಸುಮ್ಮನಿದ್ದರಂತೆ. ಗಿರಿಜೆಗೆ ಅಲ್ಲಿ ಕೆಲಸ ಬಹಳವೇ ಎಂದು ನಾನು ಕೇಳಿದ ಮೇಲೆ ಅವರ ಕೈ ನಿಂತಿತು.

“ಕೆಲಸಲ್ಲವಾ. ಆರಾಮಿಲ್ಲ ಅಂದ್ರ ಜಡ್ಡಾಗೈತಿ ಅಂತ. ಕಾಲು ಮಾರಿ ಎಲ್ಲಾ ಬಾತಾವಂತ, ತಲಿಶೂಲಿ ಬಿಡವಲ್ದಂತ. ದವಾಖಾನಿಗೆ ಸೇರಸ್ರಿ ಅಂತ ಖಾನಾಪುರದ ಡಾಕ್ಟರು ಅಂದಾರ. ನಿಮಗ ಗೊತ್ತಿಲ್ಲೇನು?”

ನಾನು ಹೊರಗೆ ಓಡಿಹೋಗಿ ನಮ್ಮವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಲೂ ಇಲ್ಲ, ಹಾಗೇ ಕೆಳಗಿಟ್ಟರು.

ವಡಗಾವಿ

ನಸುಕಿನಲ್ಲೇ ಹೊರಟೆವು. ಬಂಗಲೆಯ ಗೇಟು ದಾಟುವ ಮೊದಲೇ ಸ್ಟೀರಿಂಗಿನ ಎದುರಿನ ಪಟ್ಟಿಯಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಎಂಜಿನ್ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೈಸೂರಿನಿಂದ ಇಲ್ಲಿಯವರೆಗೆ ಒಂದು ದಿನವೂ ಹೀಗಾಗಿರಲಿಲ್ಲ. ಅದು ಆಯಿಲಿನ ದೀಪ ಎಂದರು ನಮ್ಮವರು. ಎಂಜಿನ್ನಿನೊಳಗೆ ಆಯಿಲ್ ಸರಿಯಾಗಿ ಹರಿಯದಿದ್ದರೆ ಹೊತ್ತುತ್ತದೆ, ಹಾಗೇ ಓಡಿಸಿದರೆ ಎಂಜಿನ್ ಕಚ್ಚಿಕೊಂಡು ಸತ್ತೇಹೋಗುತ್ತದೆ.

ಕಾಕಾ ಓಡಾಡಿ ಟ್ಯಾಕ್ಸಿ ವಿಚಾರಿಸಿದರು. ತುಳಸಿ ಲಗ್ನ ಮುಗಿದು ಮದುವೆಗಳ ಸುಗ್ಗಿ ಶುರುವಾಗಿತ್ತು. ಒಂದು ಟ್ಯಾಕ್ಸಿಯೂ ನಾಳೆಯ ಮೊದಲು ಬಿಡುವಿರಲಿಲ್ಲ. ಇನ್ನು ಆ ರಸ್ತೆಯ ಬಸ್ಸಿನಲ್ಲಿ ಗಿರಿಜೆಯನ್ನು ಕುಲುಕಿಸಿಕೊಂಡು ತರುವ ಮಾತೇ ಇರಲಿಲ್ಲ. ಕಾಕಾ ವಡಗಾವಿಯಲ್ಲಿ ತಮಗೆ ಗೊತ್ತಿದ್ದ ಮಿಸ್ತ್ರಿಯೊಬ್ಬರ ಗ್ಯಾರೇಜಿಗೆ ಕಾರನ್ನು ಮೆಲ್ಲಗೆ ಓಡಿಸಿ ನಮ್ಮನ್ನು ಕರೆದೊಯ್ದರು.

ವಡಗಾವಿಯ ಓಣಿಯಲ್ಲಿ ಕಾರು ತುರುಕುವುದೇ ಒಂದು ಸಾಹಸ. ಎರಡೂ ಕಡೆ ಮನೆಮನೆಗಳಲ್ಲಿ ಮಗ್ಗ. ಆ ಖಟಖಟ ಸದ್ದಿನಲ್ಲಿ ಮಿಸ್ತ್ರಿಗೆ ನಮ್ಮ ಎಂಜಿನ್ನಿನ ಸದ್ದು ಕೇಳಿಸಲೇ ಇಲ್ಲ. ಬಾನೆಟ್ಟಿಗೆ ಕಿವಿಯಿಟ್ಟು ನೋಡಿದರು, ತಲೆಯಾಡಿಸಿ ಓಣಿಯ ಆಚೆ ಹೊಲದ ಅಂಚಿಗೆ ಓಡಿಸಿಕೊಂಡು ಹೋಗಿ ಕೇಳಿ ಮತ್ತೆ ತಂದರು. ಆಯಿಲ್ ಅಳೆಯುವ ಕಡ್ಡಿ ಎಳೆದು ಒರೆಸಿ ನೋಡಿದರೆ ಆಯಿಲ್ ಬೇಕಾದಷ್ಟಿತ್ತು. ಹಾಗಿದ್ದರೆ ಆಯಿಲ್ ಪಂಪು ಸೋತಿರಬೇಕು, ಎಂಜಿನ್ ಇಳಿಸಿ ನೋಡದೆ ಹೇಳಲಾಗದು ಎಂದರು. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿ ಹಾಕಿದರು, ನಡುಕ ತುಸು ಕಡಿಮೆಯಾದಂತಾಯಿತು. ಒಳಗೆಲ್ಲೋ ಕೈ ಹಾಕಿ ವೈರುಗಳನ್ನು ಅಲುಗಿಸಿದಾಗ ದೀಪ ತಾನಾಗಿ ಆರಿತು. ಯಾಕೆ ಆರಿತೆಂದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ನಮ್ಮವರು ಹೋಗಬಹುದೇ ಎಂದು ಕೇಳಿದರು. ಮಿಸ್ತ್ರಿ ಬಾನೆಟ್ಟು ಮುಚ್ಚಿ ಕೈ ಒರೆಸಿಕೊಂಡರು.

“ಹೋಗಬ್ಯಾಡ್ರಿ ಅಂತ ಹ್ಯಾಂಗ ಅನ್ನಲಿ, ಬಸರಿ ಹೆಣ್ಣಮಗಳ ಜೀವದ ಪ್ರಶ್ನೆ. ಆದ್ರ ಒಂದ ಮಾತು. ದೀಪ ಮತ್ತ ಹತ್ತಿದ್ರ ಅಲ್ಲೇ ಬಂದ್ ಮಾಡ್ರಿ. ಮುಂದಿನ ಊರ ತನಕ ನಡೀತೈತಿ ಅನ್ನಬ್ಯಾಡ್ರಿ.”

ಖಾನಾಪುರ

ಕಾಕಾ ವಡಗಾವಿಯಲ್ಲೇ ಇಳಿದುಕೊಂಡರು. ಖಾನಾಪುರದವರೆಗೆ ನಾವಿಬ್ಬರೂ ರಸ್ತೆಗಿಂತ ಹೆಚ್ಚಾಗಿ ಆ ಚಿಕ್ಕ ಕೆಂಪು ಗಾಜನ್ನೇ ನೋಡಿದೆವು. ಅದು ಹೊತ್ತಲಿಲ್ಲ. ಆದರೆ ಎಂಜಿನ್ ಮತ್ತೆ ಕುಂಟತೊಡಗಿತು, ಏರು ಬಂದಲ್ಲೆಲ್ಲ ಬಿಕ್ಕಳಿಸುತ್ತಿತ್ತು.

ಮೊದಲೇ ಗೊತ್ತುಮಾಡಿಕೊಂಡಂತೆ, ದಾರಿ ತೋರಿಸಲು ಬಸ್ ಸ್ಟ್ಯಾಂಡಿನ ಎದುರಿಗೆ ಈರಣ್ಣ ಕಾಯುತ್ತಿರಬೇಕಿತ್ತು. ದಾರಿ ತಪ್ಪಿ ಹೆಂಚಿನ ಭಟ್ಟಿಗಳ ನಡುವೆ ಸಿಕ್ಕಿಕೊಂಡೆವು. ಒಬ್ಬ ಹಿರಿಯರನ್ನು ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಸಾವಧಾನವಾಗಿ ದಾರಿ ಹೇಳಿದರು. ನಮ್ಮ ಮುಖ ನೋಡಿ ಮತ್ತೆ ಅದನ್ನೇ ಇನ್ನೂ ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದರು. ಕೊನೆಗೆ ನಕ್ಕು, ಕೆಲಸ ಬಿಟ್ಟು ನಮ್ಮ ಕಾರಿನ ಮುಂದೆ ನಡೆದುಕೊಂಡೇ ಬಸ್ ಸ್ಟ್ಯಾಂಡ್ ತೋರಿಸಿದರು. ನಮ್ಮ ಕಡೆ ಭಾಷೆ ತಿಳಿಯದವರನ್ನು ಹೀಗೆ ಕರೆದೊಯ್ದು ಬಿಡುವವರನ್ನು ನಾನು ಕಡಿಮೆ ನೋಡಿದ್ದೇನೆ.

ಈರಣ್ಣ ಬಾಡಿದ್ದ. ಬೆಳಗಿನಿಂದ ನಿಂತೇ ಇದ್ದೇನೆ ಎಂದ. ಗಿರಿಜೆಯ ಬಿ.ಪಿ. ಏರಿದೆ, ಕಣ್ಣು ಮಂಜಾಗುತ್ತದೆ ಎನ್ನುತ್ತಾಳೆ, ಇನ್ನು ತಡಮಾಡಿದರೆ ತಾಯಿಗೂ ಕೂಸಿಗೂ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದ. ಮೈಸೂರಿನ ಮಾತಿರಲಿ, ಇವತ್ತೇ ಬೆಳಗಾವಿಯ ಆಸ್ಪತ್ರೆ ಮುಟ್ಟಿಸಬೇಕಿತ್ತು. ದೀಪದ ವಿಷಯ ಅವನಿಗೆ ಹೇಳಿದೆವು. ಅವನು ಕಾರಿನೊಳಗೆ ಕುಳಿತು ಬಾಗಿಲು ಹಾಕಿಕೊಂಡ.

ಕಣಕುಂಬಿ

ಜಾಂಬೋಟಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬಂತು. ಬೇರೆ ದಿನವಾಗಿದ್ದರೆ ನಾನು ಹತ್ತು ಕಡೆ ನಿಲ್ಲಿಸಿ ಎನ್ನುತ್ತಿದ್ದೆ. ಕಣಕುಂಬಿ ಸೇರಿದಾಗ ಮಧ್ಯಾಹ್ನವಾಗಿದ್ದರೂ ಮಂಜು ಪೂರ್ತಿ ಕರಗಿರಲಿಲ್ಲ.

ಗಿರಿಜೆಯನ್ನು ನೋಡಿ ನಮ್ಮವರು ಬಾಗಿಲಲ್ಲೇ ನಿಂತುಬಿಟ್ಟರು. ಅವಳ ತೆಳ್ಳಗಿನ ಮುಖ ಊದಿ ಗುರುತು ಸಿಗದ ಹಾಗಾಗಿತ್ತು. ಚಪ್ಪಲಿ ಕಾಲಿಗೆ ಹಿಡಿಸುತ್ತಿರಲಿಲ್ಲ. ಆದರೂ ನಮ್ಮನ್ನು ಕಂಡು ನಗಲು ನೋಡಿದಳು. ನದಿ ಹುಟ್ಟುವ ಜಾಗ ಇಲ್ಲೇ ಹತ್ತಿರ, ಅತ್ತಿಗೆಗೆ ತೋರಿಸಬೇಕೆಂದಿದ್ದೆ ಎಂದಳು. ಮುಂದಿನ ಸಲ ನೋಡೋಣವೆಂದು ನಾನು ಅವಳ ಸೀರೆಗಳನ್ನು ಗಂಟು ಕಟ್ಟತೊಡಗಿದೆ.

ಅಷ್ಟರಲ್ಲಿ ನೆರೆಹೊರೆಯ ಹೆಂಗಸರು ಬಂದರು. ಅವರಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು. ಅವಸರವಿದೆ ಎಂದು ನಾನು ಕೈಸನ್ನೆ ಮಾಡಿದೆ. ಒಬ್ಬಾಕೆ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಕಾರಿನ ಬಾಗಿಲಲ್ಲೇ ಗಿರಿಜೆಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಬರಿಯ ಉಡಿಯಲ್ಲಿ ಬಸುರಿಯನ್ನು ಕಳಿಸಬಾರದಂತೆ, ಗಿರಿಜೆ ಹೇಳಿದಳು. ಹಿಂದಿನ ಸೀಟಿನಲ್ಲಿ ಗಿರಿಜೆಯ ತಲೆ ನನ್ನ ತೊಡೆಯ ಮೇಲೆ, ಕಾಲು ಟ್ರಂಕಿನ ಮೇಲೆ. ಈರಣ್ಣ ಮುಂದೆ ಕುಳಿತ. ಹೊರಟೆವು.

ಜಾಂಬೋಟಿಗೆ ಮುಂಚೆ

ಅರ್ಧ ದಾರಿಯೂ ಆಗಿರಲಿಲ್ಲ, ಒಂದು ತಗ್ಗಿನಲ್ಲಿ ಚಕ್ರ ಇಳಿದು ಎದ್ದದ್ದೇ ದೀಪ ಹೊತ್ತಿಕೊಂಡಿತು. ಮಿಣುಕಲಿಲ್ಲ, ಆರಲಿಲ್ಲ, ನಿಗಿನಿಗಿ ಉರಿಯಿತು. ನಮ್ಮವರು ಕಾರನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿದರು. ಕಾಡು ಒಮ್ಮೆಲೇ ಸದ್ದಿಲ್ಲದಂತಾಯಿತು.

“ನಿಲ್ಲಸಬ್ಯಾಡ್ರಿ ಭಾವಾರ,” ಎಂದ ಈರಣ್ಣ. “ಎಂಜಿನ್ ಹ್ವಾದ್ರ ಹೋಗ್ಲಿ. ಈಕಿನ ಮೊದ್ಲ ಮುಟ್ಟಸೂಣು.”

“ಹೋದ್ರೆ ಇಲ್ಲೇ ಎಲ್ಲೋ ಕಾಡಲ್ಲಿ ಹೋಗತ್ತೆ ಈರಣ್ಣ. ಆಸ್ಪತ್ರೆ ಮುಂದೆ ಹೋಗಿ ನಿಲ್ಲಲ್ಲ.”

ಈರಣ್ಣ ಕಾರಿನಿಂದಿಳಿದು ರಸ್ತೆಯಲ್ಲಿ ಅತ್ತಿಂದಿತ್ತ ನಡೆದ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು, ನಮ್ಮವರ ಮಾತೂ ಸರಿಯೆಂದು ಗೊತ್ತಿತ್ತು. ಗಿರಿಜೆ ಕಣ್ಣು ಮುಚ್ಚಿಕೊಂಡೇ ನೀರು ಕೇಳಿದಳು. ಅವಳ ತಲೆಯೆತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಆ ರಸ್ತೆಯಲ್ಲಿ ಮುಂದಿನ ಬಸ್ಸು ಮರುದಿನ ಬೆಳಿಗ್ಗೆ.

ಎಮ್ಮೆಗಳ ಗಂಟೆಯ ಸದ್ದು ಕೇಳಿ ತಲೆಯೆತ್ತಿದೆ. ಹೆಗಲ ಮೇಲೆ ಕಂಬಳಿ ಹೊದ್ದ ಎತ್ತರದ ಮುದುಕರೊಬ್ಬರು ಮೂರು ನಾಲ್ಕು ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ಕಾರು ಕಂಡದ್ದೇ ಎಮ್ಮೆಗಳನ್ನು ಅವುಗಳ ಪಾಡಿಗೆ ಬಿಟ್ಟು ನೇರವಾಗಿ ಬಾನೆಟ್ಟಿನ ಹತ್ತಿರ ಬಂದರು. ಹೆಸರು ಪರಶುರಾಮ, ಜಾಂಬೋಟಿಯವರು. ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಯಾವ ಯಾವ ಗಡಿಯಲ್ಲಿ ಎಂಥೆಂಥ ಹಿಮದಲ್ಲಿ ಓಡಿಸಿದರೆಂಬುದನ್ನು ನಾವು ಕೇಳುವ ಮೊದಲೇ ಹೇಳಿದರು. ಪೆಟ್ರೋಲಿನಲ್ಲಿ ಕಸ ಬಂದಿದೆ, ನೋಡುವುದೇ ಬೇಡ ಎಂದು ತೀರ್ಪು ಕೊಟ್ಟು, ಪೈಪು ಬಿಚ್ಚಿ ಊದಿ, ಬಾಯಿ ತುಂಬ ಪೆಟ್ರೋಲು ಮಾಡಿಕೊಂಡು ಉಗಿದರು. ಕಸ ಇರಲಿಲ್ಲ.

ನಮ್ಮವರು ಅಷ್ಟರಲ್ಲಿ ಬೇರೆ ಏನನ್ನೋ ಯೋಚಿಸುತ್ತಿದ್ದರು. ಬೆಳಿಗ್ಗೆ ಮಿಸ್ತ್ರಿ ವೈರು ಅಲುಗಿಸಿದಾಗ ದೀಪ ಆರಿತ್ತು, ಈಗ ತಗ್ಗಿಗೆ ಇಳಿದಾಗ ಹೊತ್ತಿತು. ಆಯಿಲಿನದೇ ದೋಷವಾಗಿದ್ದರೆ ಹೀಗೆ ಕುಲುಕಾಟಕ್ಕೆ ಯಾಕೆ ಬಂದು ಹೋಗಬೇಕು? ಆ ದೀಪಕ್ಕೆ ಎಂಜಿನ್ನಿನಿಂದ ಹೋಗುವುದು ಒಂದೇ ವೈರು. ಅವರು ಅದನ್ನು ಎಂಜಿನ್ನಿನ ತುದಿಯಲ್ಲಿ ಕಳಚಿ, ನನಗೆ ಕೀಲಿ ತಿರುಗಿಸಲು ಹೇಳಿದರು. ವೈರು ಕಳಚಿದ ಮೇಲೆ ದೀಪ ಹೊತ್ತಲೇಬಾರದು. ನಾನು ತಿರುಗಿಸಿದೆ. ಹೊತ್ತಿತು.

“ಹೊತ್ತಿದೆ,” ಎಂದೆ.

“ಇನ್ನೊಂದ್ಸಲ ನೋಡು.”

“ಹೊತ್ತಿದೆ ಅಂದ್ನಲ್ಲ.”

ಅವರು ಉಸಿರು ಬಿಟ್ಟ ಸದ್ದು ನನಗೆ ಒಳಗೇ ಕೇಳಿಸಿತು. ಹಾಗಾದರೆ ದೋಷ ಆಯಿಲಿನದಲ್ಲ, ವೈರು ನಡುವೆಲ್ಲೋ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ಅವರ ಕೈ ದಪ್ಪ, ಸಂದಿಗೆ ಹೋಗಲಿಲ್ಲ. ನಾನು ಬಳೆ ತೆಗೆದಿಟ್ಟು ಎಂಜಿನ್ನಿನ ಹಿಂದೆ ಕೈ ಇಳಿಸಿ ಬೆರಳಿನಲ್ಲೇ ವೈರನ್ನು ಸವರುತ್ತ ಹೋದೆ. ಒಂದು ಕಡೆ ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಗೋಣಿಯ ನಾರು, ಹರಿದ ಚಿಂದಿ, ಅಂಗೈ ತುಂಬ ಭತ್ತದ ಹೊಟ್ಟು. ಅಲ್ಲಿಯೇ ವೈರಿನ ಸಿಪ್ಪೆ ಮಾಯವಾಗಿ ತಾಮ್ರ ಹೊಳೆಯುತ್ತಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

“ಉಂದೀರ,” ಎಂದರು ಪರಶುರಾಮ ಗಂಭೀರವಾಗಿ. ನಾನು ಅರ್ಥವಾಗದೆ ನೋಡಿದೆ. “ಇಲಿ ಬಾಯೀ, ಇಲಿ.”

ಕಾಕಾನ ಲಾಯದ ಇಲಿಗಳು ಭತ್ತ ತಿಂದು, ಬೆಚ್ಚಗಿದ್ದ ನಮ್ಮ ಎಂಜಿನ್ನಿನ ಮೇಲೆ ಸಂಸಾರ ಹೂಡಿದ್ದವು. ಹಿಂದಿನ ಸೀಟಿನಿಂದ ಗಿರಿಜೆ ಕ್ಷೀಣ ದನಿಯಲ್ಲಿ ಇಲಿಯೇ ಎಂದು ಕೇಳಿದಳು. ಇಲಿಯೇ ಎಂದೆ. ಅವಳು ನಕ್ಕಳು. ಈರಣ್ಣ ನಡೆದಾಡುವುದನ್ನು ನಿಲ್ಲಿಸಿ ಅವಳ ಹತ್ತಿರ ಹೋಗಿ ಕುಳಿತ.

ಆ ವೈರಿಗೆ ಬಟ್ಟೆ ಸುತ್ತಿ ಕಬ್ಬಿಣದಿಂದ ದೂರ ಕಟ್ಟಿದೆವು. ಎಂಜಿನ್ ಶುರುಮಾಡಿದ ಕೂಡಲೇ ದೀಪ ಆರಿತು, ಆಯಿಲ್ ಹರಿಯುತ್ತಿತ್ತು. ಆದರೆ ಆ ನಡುಕ ಹಾಗೇ ಇತ್ತು. ಈ ಕುಂಟು ಎಂಜಿನ್ನಿನಲ್ಲಿ ಮುಂದಿನ ಏರು ಹತ್ತುವ ಧೈರ್ಯ ನಮ್ಮವರಿಗಿರಲಿಲ್ಲ. ಈಗ ಪರಶುರಾಮರು ಮುಂದಾದರು. ಕೈಗೆ ಒಣ ಬಟ್ಟೆ ಸುತ್ತಿಕೊಂಡು, ಓಡುತ್ತಿದ್ದ ಎಂಜಿನ್ನಿನ ಪ್ಲಗ್ಗುಗಳ ದಪ್ಪ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದರು. ಮೊದಲನೆಯದನ್ನು ಎಳೆದಾಗ ಎಂಜಿನ್ ಇನ್ನಷ್ಟು ಕುಸಿಯಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಎಳೆದರೆ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

“ಹಾಂ, ಇದು ದುಡಿಯವಲ್ದು,” ಎಂದರು. “ನಾಕರಾಗ ಮೂರ ಮಂದಿ ದುಡಿತಾರ, ಇಂವಾ ಮಲಗ್ಯಾನ.”

ಇಲಿ ಅಲ್ಲಿಯೂ ಬಾಯಿ ಹಾಕಿರಬೇಕು ಎಂದೆ ನಾನು. ಆದರೆ ಆ ವೈರು ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. ಕತ್ತಲಾಗಿದ್ದರೆ ಕಿಡಿ ಹಾರುವುದು ಕಂಡೀತು ಎಂದರು ಪರಶುರಾಮ. ಕತ್ತಲಾಗುವವರೆಗೆ ಕಾಯುವಂತಿರಲಿಲ್ಲ. ನಾನು ಅವರ ಕಂಬಳಿ ಕೇಳಿದೆ. ಈರಣ್ಣ ಒಂದು ತುದಿ, ಮುದುಕರು ಇನ್ನೊಂದು ತುದಿ ಹಿಡಿದು ಬಾನೆಟ್ಟಿನ ಮೇಲೆ ಗುಡಾರದಂತೆ ಎತ್ತಿದರು. ಸೆರಗು ಬಿಗಿದುಕೊಂಡು ನಾನು ಒಳಗೆ ತಲೆ ಹಾಕಿದೆ. ಎಮ್ಮೆಯ ವಾಸನೆ, ಪೆಟ್ರೋಲಿನ ವಾಸನೆ, ಮುಖಕ್ಕೆ ಬಡಿಯುವ ಕಾವು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ, ಆ ಮೂರನೆಯ ವೈರಿನ ಕೆಳಗಿನ ಮಗ್ಗುಲಿನಿಂದ ಎಳ್ಳುಕಾಳಿನಷ್ಟು ನೀಲಿ ಕಿಡಿ ಟಕ್ ಟಕ್ ಎಂದು ಕಬ್ಬಿಣಕ್ಕೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅಷ್ಟು ಚಂದದ ಬಣ್ಣವನ್ನು ನಾನು ಆ ಪ್ರವಾಸದಲ್ಲಿ ಇನ್ನೆಲ್ಲೂ ನೋಡಲಿಲ್ಲ.

ಅದಕ್ಕೆ ಬಟ್ಟೆ ಸಾಲದು, ರಬ್ಬರೇ ಬೇಕು ಎಂದರು ಪರಶುರಾಮ. ಅತ್ತೆಯ ಟ್ರಂಕು ತೆಗೆದೆ. ಕೂಸಿನ ಕೆಳಗೆ ಹಾಸುವ ಹೊಸ ರಬ್ಬರ್ ಹಾಳೆ ಮೇಲೆಯೇ ಇತ್ತು. ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಎಂಜಿನ್ ಆರಿಸಿ, ವೈರಿಗೆ ಸುತ್ತಿನ ಮೇಲೆ ಸುತ್ತು ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿದೆ. ನಮ್ಮವರು ಕೀಲಿ ತಿರುಗಿಸಿದರು.

ಎಂಜಿನ್ ಒಂದೇ ಹದದಲ್ಲಿ ಗುನುಗಿತು. ಎಲ್ಲರೂ ಆ ಸದ್ದನ್ನೇ ಕೇಳುತ್ತ ನಿಂತೆವು.

ಪರಶುರಾಮರ ಎಮ್ಮೆಗಳು ಅಷ್ಟರಲ್ಲಿ ಕಾಣೆಯಾಗಿದ್ದವು. ಅವರನ್ನು ಮುಂದೆ ಈರಣ್ಣನ ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆವು. ಹಿಮಾಲಯದ ಇನ್ನೊಂದು ಕಥೆ ಅರ್ಧವಾಗಿದ್ದಾಗ ತಿರುವಿನಲ್ಲಿ ಎಮ್ಮೆಗಳು ಸಿಕ್ಕವು. ಅವರು ಇಳಿದು, ಕಿಟಕಿಯೊಳಗೆ ಬಗ್ಗಿ ಗಿರಿಜೆಯ ಹಣೆ ಮುಟ್ಟಿ, ಸಾವಕಾಶ ಹೋಗಿ ಎಂದು ನಮ್ಮವರಿಗೆ ಹೇಳಿ, ಎಮ್ಮೆಗಳನ್ನು ಮರಾಠಿಯಲ್ಲಿ ಬೈಯುತ್ತ ನಡೆದರು.

ಬೆಳಗಾವಿಗೆ ಮರಳಿ

ಜಾಂಬೋಟಿಯಿಂದ ನೇರವಾಗಿ ಬೆಳಗಾವಿಯ ದಾರಿ ಹಿಡಿದೆವು. ಆ ಏರುಗಳನ್ನೆಲ್ಲ ಕಾರು ಉಸಿರೆಳೆಯದೆ ಹತ್ತಿತು. ಊರಿನ ಬೀದಿದೀಪ ಹೊತ್ತುವ ಹೊತ್ತಿಗೆ ಕ್ಯಾಂಪಿನ ಸಮೀಪದ ಹೆರಿಗೆ ಆಸ್ಪತ್ರೆಯ ಪೋರ್ಟಿಕೋದಲ್ಲಿದ್ದೆವು. ಗಿರಿಜೆಯನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ನಾವು ಮೂವರೂ ಹಿಂದೆ ಓಡಿದೆವು. ಆಮೇಲೆ ಬಾಗಿಲು ಮುಚ್ಚಿತು, ಹೊರಗಿನ ಬೆಂಚಿನ ಮೇಲೆ ಕುಳಿತೆವು. ಈರಣ್ಣ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಕಾಡಿನಲ್ಲಿ ಹಾಗೆ ಅಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದು ನಮ್ಮವರಿಗೆ ಮೆಲ್ಲಗೆ ಹೇಳಿದ. ನಮ್ಮವರು ಅವನ ಬೆನ್ನ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದಾಗ ನಾವು ಎದ್ದು ನಿಂತೆವು.

“ಇವತ್ತ ತಂದ್ರಿ, ಛಲೋ ಆತು. ಇಂಜೆಕ್ಷನ್ ಕೊಟ್ಟೇವಿ, ಬಿ.ಪಿ. ಇಳಿಯಾಕ ಹತ್ತೈತಿ. ಕೂಸಿನ ಬಡಿತ ಛಂದ ಕೇಳ್ತದ. ಹೆರಿಗಿ ಆಗೂತನ ಇಲ್ಲೇ ಮಲಗಿರಲಿ. ಇನ್ನ ಹೆದರಬ್ಯಾಡ್ರಿ, ಕುಂದರ್ರಿ.”

ಹೆಣ್ಣು ಮಗು ಹುಟ್ಟಿದ್ದು ಆ ಆಸ್ಪತ್ರೆಯಲ್ಲೇ, ಕೆಲವು ವಾರಗಳ ಮೇಲೆ. ನಮ್ಮ ಅತ್ತೆ ಮೊದಲ ಬಾರಿಗೆ ಬೆಳಗಾವಿಯ ರೈಲು ಹತ್ತಿ ಬಂದು, ಕಾಕುವಿನ ಅಡುಗೆಮನೆಯಲ್ಲಿ ಕುಳಿತು ಬಾಣಂತನ ಮಾಡಿದರು. ಒಬ್ಬರ ಕನ್ನಡವನ್ನು ಇನ್ನೊಬ್ಬರು ತಿದ್ದುವುದೇ ಇಬ್ಬರಿಗೂ ದೊಡ್ಡ ಕೆಲಸವಾಗಿತ್ತು.

ಆದರೆ ಆ ಸಂಜೆ, ಡಾಕ್ಟರಮ್ಮ ಒಳಗೆ ಹೋದ ಮೇಲೆ, ಆಸ್ಪತ್ರೆಯ ಕಾವಲುಗಾರ ಬಂದು, ಹೊರಗೆ ನಿಂತಿರುವ ಗಾಡಿ ನಿಮ್ಮದೇನು, ಬಂದ್ ಮಾಡುವುದಿಲ್ಲವೇ ಎಂದು ಕೇಳಿದ. ಇಳಿದು ಓಡುವ ಗಡಿಬಿಡಿಯಲ್ಲಿ ಎಂಜಿನ್ ಆರಿಸುವುದನ್ನೇ ಮರೆತಿದ್ದೆವು. ಹೊರಗೆ ಹೋದೆವು. ನಾಲ್ಕು ಬಾಗಿಲೂ ತೆರೆದಿದ್ದವು, ಸೀಟಿನ ಮೇಲೆಲ್ಲ ಉಡಿಯ ಅಕ್ಕಿ ಚೆಲ್ಲಿತ್ತು, ಕಾರು ಒಂದೇ ಸಮನೆ ಮೆತ್ತಗೆ ಓಡುತ್ತಲೇ ಇತ್ತು. ನಮ್ಮವರು ಒಳಗೆ ಕುಳಿತು ಕೀಲಿಗೆ ಕೈ ಹಾಕಿದರು. ತಿರುಗಿಸಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಈರಣ್ಣ ಹಿಂದೆ ಬಂದು, ಅಕ್ಕಿಯನ್ನು ಒಂದು ಕಡೆ ಸರಿಸಿ ಕುಳಿತ.

ಕಾವಲುಗಾರ ತುಸು ಹೊತ್ತು ನೋಡಿದ. ಆಮೇಲೆ, ಏನೆನಿಸಿತೋ, ನಾಲ್ಕೂ ಬಾಗಿಲುಗಳನ್ನು ಒಂದೊಂದಾಗಿ ಸದ್ದಾಗದಂತೆ ಮುಚ್ಚಿ ಹೋದ.